ಐದು ಎಂದವರು ಯಾರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧು ಎಂದುಕೊಳ್ಳುವುದು ಬೇಡ. ಇಪ್ಪತ್ತಾರು ವರ್ಷ ಶಿಕಾರಿಪುರದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ. "ಅಕ್ಕನ ಕೊರಳಿಗೆ ತಾಳಿ ಬರಲಿಲ್ಲ, ಸೀಟಿ ಬಂತು" ಎಂದು ನನ್ನ ತಂಗಿ ಈಗಲೂ ನೆಂಟರ ಎದುರಿಗೆ ಆಡಿಕೊಳ್ಳುತ್ತಾಳೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಹಾಲಿನವನ ಜೊತೆ, ಪೇಪರಿನವನ ಜೊತೆ ದಿನಾ ಬೆಳಗ್ಗೆ ಜಗಳ ತೆಗೆಯುತ್ತಿದ್ದೆ. ಇವಳನ್ನು ಎಲ್ಲಾದರೂ ಸಾಗಹಾಕದಿದ್ದರೆ ಬೀದಿಯವರೇ ಮನೆ ಖಾಲಿ ಮಾಡುತ್ತಾರೆಂದು ತಂಗಿಯೇ ಓಡಾಡಿ ಈ ಕೆಲಸ ಹುಡುಕಿಕೊಟ್ಟಳು.

ಕೆಲಸ ಇದ್ದದ್ದು ಸೊರಬ ದಾಟಿ ಉಳವಿಯ ಕಡೆಗೆ ಹೋಗುವ ದಾರಿಯಲ್ಲಿ. ಮಕ್ಕಳಿಲ್ಲದೆ ಬಾಗಿಲು ಹಾಕಿದ್ದ ಒಂದು ಶಾಲೆಯನ್ನು ಯಾವುದೋ ಟ್ರಸ್ಟಿನವರು ಹಿಡಿದು, ಸುಣ್ಣ ಬಳಿದು, ಹುಡುಗಿಯರ ವಸತಿ ಕೇಂದ್ರ ಮಾಡಿದ್ದರು. ಹದಿಮೂರರಿಂದ ಹದಿನೇಳು ವರ್ಷದವರು. ಶಾಲೆಗೆ ಹೋಗುವುದಿಲ್ಲವೆಂದು ತಿಂಗಳುಗಟ್ಟಲೆ ಕೋಣೆಯ ಕದ ತೆರೆಯದವರು, ಫೋನ್ ಕಸಿದುಕೊಂಡರೆಂದು ಮನೆಯನ್ನೇ ಪುಡಿ ಮಾಡಿದವರು, ಓಡಿಹೋಗಿ ಆನವಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದವರು, ಯಾಕೆ ಬದುಕಬೇಕು ಎಂದು ನೇರವಾಗಿ ಕೇಳುವವರು. ಒಬ್ಬೊಬ್ಬರೂ ನಾಲ್ಕೈದು ತಿಂಗಳು ಇರುತ್ತಿದ್ದರು. ವಾರಕ್ಕೆರಡು ದಿನ ಶಿವಮೊಗ್ಗದಿಂದ ಮನಸ್ಸಿನ ಡಾಕ್ಟರಮ್ಮ ಬಂದು ಮಾತಾಡಿಸುತ್ತಿದ್ದರು. ಉಳಿದ ದಿನ ಹುಡುಗಿಯರು ನನ್ನ ಪಾಲು. ಹಗ್ಗ ಕಟ್ಟಿ ಬಂಡೆ ಹತ್ತಿಸುವುದು, ಕೆರೆಯಲ್ಲಿ ತೆಪ್ಪಕ್ಕೆ ಹುಟ್ಟು ಹಾಕಿಸುವುದು, ಕಾಡಿನಲ್ಲಿ ನಡೆಸುವುದು. ಅದೇ ಔಷಧಿ ಅಂತೆ.

ಮೊದಮೊದಲು ನನಗೆ ನಗುವೋ ನಗು. ಕಾಡಿನಲ್ಲಿ ನಡೆದರೆ ಮನಸ್ಸು ವಾಸಿಯಾಗುವುದಾದರೆ ದನ ಕಾಯುವವರೆಲ್ಲ ಇಷ್ಟು ಹೊತ್ತಿಗೆ ಋಷಿಗಳಾಗಬೇಕಿತ್ತು ಎಂದು ಡಾಕ್ಟರಮ್ಮನ ಮುಖಕ್ಕೇ ಹೇಳಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಕಣ್ಣಾರೆ ಕಂಡೆ. ಬಂದ ಮೂರು ವಾರ ಯಾರ ಮುಖವನ್ನೂ ನೋಡದಿದ್ದ ಒಬ್ಬಳು ಬಂಡೆಯ ಅರ್ಧದಲ್ಲಿ ಸಿಕ್ಕಿಕೊಂಡು "ಮಿಸ್, ಹಗ್ಗ ಬಿಡಬ್ಯಾಡ್ರಿ" ಎಂದು ಕೂಗಿದಳು. ಅವತ್ತು ರಾತ್ರಿ ಎರಡು ತಟ್ಟೆ ಅನ್ನ ಉಂಡಳು. ಅದಾದ ಮೇಲೆ ನಾನು ನಗುವುದನ್ನು ಬಿಟ್ಟೆ.

ಕಾಡು ಎಂದರೆ ಆ ಕಡೆ ಕಾನು. ಗದ್ದೆ ಬಯಲು ಮುಗಿಯುವಲ್ಲಿ ಇದ್ದಕ್ಕಿದ್ದಂತೆ ಗೋಡೆ ಎದ್ದ ಹಾಗೆ ಮರಗಳು ಶುರುವಾಗುತ್ತವೆ. ಒಳಗೆ ಹೊಕ್ಕರೆ ಮಧ್ಯಾಹ್ನ ಹನ್ನೆರಡಕ್ಕೂ ಮುಸ್ಸಂಜೆ. ನಮಗೆ ದಾರಿ ತೋರಿಸುತ್ತಿದ್ದವನು ಕಾನಿನ ಅಂಚಿನಲ್ಲೇ ಮನೆ ಮಾಡಿಕೊಂಡಿದ್ದ ಒಬ್ಬ ಅಜ್ಜ. ಅಲ್ಲಿ ಉಪ್ಪಾಗೆ ಹಣ್ಣು ಆರಿಸುತ್ತಲೇ ಮುದುಕನಾದವನು. ಮೊದಲ ದಿನವೇ ಒಂದು ಶರತ್ತು ಹಾಕಿದ.

"ಒಳಗೆ ಹೋದ್ಮೇಲೆ ಯಾರನ್ನೂ ಹೆಸರು ಹಿಡಿದು ಕೂಗೂದಲ್ಲ, ಮೇಡಮ್ಮಾರೆ."

"ಯಾಕೆ, ಕಾನಿಗೆ ಕೋಪ ಬರುತ್ತಾ?"

"ಕೋಪ ಅಲ್ಲ. ಕೇಳಿಸ್ಕಳ್ತದೆ. ಒಂದ್ಸಲ ಹೆಸರು ಕೇಳಿಸ್ಕಂಡ್ರೆ ಆಮೇಲೆ ಅದೇ ಕರೀತದೆ. ಹಾಂಗೆ ಹೋದೋರು ಇದಾರೆ ಮಾರಾಯ್ರೆ, ನಗಬೇಡಿ."

ನಾನು ನಕ್ಕೆ. ಆದರೆ ಜಗಳಕ್ಕೆ ಹೋಗಲಿಲ್ಲ. ಪಿ.ಟಿ. ಟೀಚರಿಗೆ ಹೆಸರು ಯಾಕೆ ಬೇಕು? ಒಂಬತ್ತು ಹುಡುಗಿಯರಿದ್ದರು. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟೆ. ನಾನು ಸೀಟಿ ಊದಬೇಕು, ಅವರು ಎಲ್ಲಿದ್ದರೂ ಒಂದು, ಎರಡು, ಮೂರು ಎಂದು ಒಂಬತ್ತರವರೆಗೆ ಸರದಿಯ ಪ್ರಕಾರ ಕೂಗಬೇಕು. ಒಂಬತ್ತು ಬಂದರೆ ಎಲ್ಲರೂ ಇದ್ದಾರೆ ಎಂದರ್ಥ. ಬಂಡೆ ಹತ್ತುವಾಗ, ಕೆರೆಯಲ್ಲಿ, ಬೆಳಗಿನ ಡ್ರಿಲ್ಲಿನಲ್ಲಿ, ಎಲ್ಲ ಕಡೆಗೂ ಅದೇ ರೂಢಿಯಾಯಿತು. ಅಡುಗೆಯಕ್ಕ ತಟ್ಟೆಗಳ ಹಿಂದೆಯೂ ಉಗುರು ಬಣ್ಣದಲ್ಲಿ ನಂಬರ್ ಬರೆದಿಟ್ಟಳು.

ಐದನೆಯವಳು ಮಾತಾಡುತ್ತಿರಲಿಲ್ಲ.

ಹದಿನೈದು ವರ್ಷ. ಶಿಕಾರಿಪುರದ ಬಯಲುಸೀಮೆಯ ಕಡೆ ಕುರಿ ಸಾಕುವವರ ಮನೆಯ ಮಗಳು. ಒಂದು ಸಂಜೆ ಕುರಿ ಹೊಡೆದುಕೊಂಡು ಬಂದಳಂತೆ, ಕೈಕಾಲು ತೊಳೆದು ಊಟಕ್ಕೆ ಕೂತಳಂತೆ, "ಮಜ್ಜಿಗೆ ಹಾಕು" ಎಂದಳಂತೆ. ಅದೇ ಕೊನೆ. ಮಾರನೆಯ ದಿನದಿಂದ ಬಾಯಿ ಬಿಡಲಿಲ್ಲ. ಗಂಟಲಿನ ಡಾಕ್ಟರು ಏನೂ ಇಲ್ಲ ಎಂದರು, ದೇವರು ಹೇಳುವವರು ಏನೇನೋ ಇದೆ ಎಂದರು. ಅವಳ ಫೈಲಿನಲ್ಲಿ ಕಾರಣ ಎಂಬ ಕಡೆ ಡಾಕ್ಟರಮ್ಮ ಬರೀ ಒಂದು ಗೀಟು ಎಳೆದಿದ್ದರು. ಕಿವಿ ಚುರುಕು, ಕೆಲಸ ಚುರುಕು, ಬಂಡೆ ಹತ್ತುವುದರಲ್ಲಿ ಎಲ್ಲರಿಗಿಂತ ಮುಂದು. ಕರೆದರೆ ತಿರುಗಿ ನೋಡುತ್ತಾಳೆ. ನೋಟದಲ್ಲಿ ಹೆದರಿಕೆಯಿಲ್ಲ, ಸಿಟ್ಟಿಲ್ಲ. ನಿಮ್ಮ ಮಾತು ಮುಗಿಯಲಿ ಎಂದು ಕಾಯುವವಳ ನೋಟ. ಅದು ನನಗೆ ಒಳಗೊಳಗೇ ಇರುಸುಮುರುಸು.

ಮೊದಲ ದಿನದ ಎಣಿಕೆಯಲ್ಲಿ ನಾಲ್ಕಾದ ಮೇಲೆ ನಿಂತುಹೋಯಿತು. ಮತ್ತೆ ಸೀಟಿ ಊದಿದೆ. ಮತ್ತೆ ನಾಲ್ಕಕ್ಕೇ ನಿಂತಿತು. ನನ್ನ ಪಿತ್ತ ನೆತ್ತಿಗೇರಿತು. ಅವಳ ಎದುರಿಗೆ ಹೋಗಿ ನಿಂತು, "ಐದು ಅನ್ನೋಕೆ ನಿನ್ನ ಗಂಟೇನು ಹೋಗುತ್ತೆ?" ಎಂದೆ. ಅವಳು ಅದೇ ಕಾಯುವ ನೋಟದಿಂದ ನೋಡಿದಳು. ಒತ್ತಾಯ ಮಾಡಬೇಡಿ, ಬರುವಾಗ ಬರುತ್ತದೆ ಎಂದರು ಡಾಕ್ಟರಮ್ಮ. ಸರಿ, ಎಣಿಕೆ ನಿಲ್ಲಬಾರದಲ್ಲ, ನಾನೇ "ಐದು" ಎಂದು ಮುಂದಕ್ಕೆ ಸಾಗಿಸಿದೆ.

ಒಂದು ವಾರ ನಾನು ಹೇಳಿದೆ. ಆಮೇಲೆ ಹುಡುಗಿಯರೇ ಶುರು ಮಾಡಿದರು. ಒಮ್ಮೆ ಆರನೆಯವಳು ಐದು, ಆರು ಎರಡನ್ನೂ ಒಟ್ಟಿಗೆ ಹೇಳಿದಳು. ಇನ್ನೊಮ್ಮೆ ಒಂಬತ್ತನೆಯವಳು ಗಂಡಸಿನ ದನಿ ಮಾಡಿ "ಐದೂ" ಎಂದು ಎಲ್ಲರನ್ನೂ ನಗಿಸಿದಳು. ಒಂಬತ್ತನೆಯವಳು ವಾಚಾಳಿ, ಬಾಯಿಗೆ ಬ್ರೇಕೇ ಇಲ್ಲ. ಐದನೆಯವಳ ತುಟಿಯೂ ಒಂದಿಷ್ಟು ಅಲುಗಿದ ಹಾಗೆ ಕಂಡಿತು. ನನಗೆ ಖುಷಿಯೋ ಖುಷಿ. ಒಬ್ಬರ ಮುಖ ಒಬ್ಬರು ನೋಡದಿದ್ದ ಹುಡುಗಿಯರು ಒಬ್ಬಳಿಗಾಗಿ ಬಾಯಿ ಕೊಡುತ್ತಿದ್ದಾರೆ. ಟ್ರಸ್ಟಿನವರು ಬಂದಾಗ ಸೀಟಿ ಊದಿ ತೋರಿಸಿ, ನೋಡಿ, ಗುಂಪು ಅಂದರೆ ಇದು ಎಂದು ಬೀಗಿದೆ. ಎರಡು ತಿಂಗಳಾಗುವ ಹೊತ್ತಿಗೆ ಐದು ಯಾರು ಹೇಳುತ್ತಿದ್ದಾರೆ ಎಂದು ನೋಡುವುದನ್ನೇ ನಾನು ಬಿಟ್ಟಿದ್ದೆ. ನಾಲ್ಕಾದ ಮೇಲೆ ಐದು ಬರುತ್ತಿತ್ತು, ಅಷ್ಟೇ.

ಒಂದು ದಿನ ಬೆಳಗಿನ ಡ್ರಿಲ್. ಮೈದಾನದಲ್ಲಿ ಮಂಜು ಇಳಿದಿತ್ತು, ಮೂರನೆಯ ಸಾಲಿನ ಹುಡುಗಿಯರು ಬರೀ ನೆರಳು. ಸೀಟಿ ಊದಿದೆ. ಒಂಬತ್ತರವರೆಗೆ ಬಂತು. ಅಷ್ಟರಲ್ಲಿ ಅಡುಗೆಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಐದ್ನೇ ಹುಡ್ಗಿಗೆ ಜ್ವರ ಮೇಡಂ. ಗಂಜಿ ಕೊಟ್ಟು ಮಲಗಿಸಿದೀನಿ, ಕಾಯಬೇಡಿ" ಎಂದಳು.

"ಮತ್ತೆ ಈಗ ಐದು ಅಂದವರು ಯಾರೇ?" ಎಂದು ಕೇಳಿದೆ.

ಯಾರೂ ಒಪ್ಪಿಕೊಳ್ಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದೆವ್ವ ಮಿಸ್" ಎಂದಳು ಒಂಬತ್ತನೆಯವಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ನಗುವ ಬದಲು ಒಂದು ನಿಮಿಷ ನಿಂತು ಯೋಚಿಸಿದ್ದರೆ ಇದನ್ನು ಬರೆಯುವ ಕೆಲಸವೇ ಬರುತ್ತಿರಲಿಲ್ಲ.

ಅದಾಗಿ ಮೂರು ವಾರಕ್ಕೆ, ಆಶ್ವೀಜದ ಕೊನೆಯಲ್ಲಿ, ಮತ್ತೆ ಕಾನಿಗೆ ಹೋದೆವು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಟೆಂಪೋ ನಮ್ಮನ್ನು ಅಂಚಿನಲ್ಲಿ ಇಳಿಸಿತು. ಒಳಗೆ ಒಂದು ಹಾಳೂರು ಇದೆ. ಮನೆಗಳಿಲ್ಲ, ಬರೀ ಕಲ್ಲುಕಟ್ಟುಗಳು, ನೆಲದಲ್ಲಿ ಅರ್ಧ ಹೂತ ವೀರಗಲ್ಲುಗಳು, ಎಲೆ ತುಂಬಿ ಮುಚ್ಚಿಹೋದ ಬಾವಿಗಳು. ಅಲ್ಲಿಯವರೆಗೆ ಹೋಗಿ ಕೂತು, ಅರ್ಧ ಗಂಟೆ ಯಾರೂ ಮಾತಾಡದೆ ಕಾಡನ್ನು ಕೇಳಿಸಿಕೊಂಡು ವಾಪಸ್ ಬರುವುದು ಡಾಕ್ಟರಮ್ಮ ಹಾಕಿಕೊಟ್ಟ ಪಾಠ. ಯಾವಾಗಲೂ ಅಜ್ಜ ಮುಂದೆ, ನಾನು ಎಲ್ಲರಿಗಿಂತ ಹಿಂದೆ.

ಅವತ್ತು ವಾಪಸ್ ಬರುವಾಗ ಎರಡನೆಯವಳು ಒಂದು ಬೇರಿನ ಮೇಲೆ ಕೂತುಬಿಟ್ಟಳು. ಏಳುವುದಿಲ್ಲ, ಮನೆಗೆ ಕಳಿಸಿ, ಸಾಕಾಯ್ತು ಎಂದು ಅಳು. ಬೈದೆ, ಗೋಗರೆದೆ, ಕೊನೆಗೆ ಕೈ ಹಿಡಿದೆಬ್ಬಿಸಿ ಅಜ್ಜನ ಜೊತೆ ಸಾಲಿನ ಮುಂದಕ್ಕೆ ಕರೆದುಕೊಂಡು ಹೋದೆ. ಹಿಂದುಗಡೆ ಯಾರೂ ಕಾಯುವವರಿಲ್ಲ ಎಂಬುದು ತಲೆಗೇ ಹೋಗಲಿಲ್ಲ.

ದಾರಿಯಲ್ಲಿ ಒಂದು ಕಡೆ ಜೀರುಂಡೆಗಳು ಥಟ್ಟನೆ ನಿಂತವು. ಅಷ್ಟು ಹೊತ್ತು ಕಿವಿ ತೂತು ಮಾಡುತ್ತಿದ್ದ ಸದ್ದು ಒಂದೇ ಸಲಕ್ಕೆ ಇಲ್ಲ. ಎಲೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಯಾರೋ ನಮ್ಮನ್ನು ಕೇಳಿಸಿಕೊಳ್ಳಲು ಉಸಿರು ಹಿಡಿದ ಹಾಗೆ ಅನ್ನಿಸಿತು. ಅಜ್ಜ ತಿರುಗಿ, "ನಡೀರಿ ನಡೀರಿ, ಇಲ್ಲಿ ನಿಲ್ಲೂದಲ್ಲ" ಎಂದು ಗದರಿಸಿದ. ಎಲ್ಲರೂ ಕಾಲು ಬೀಸಿ ಹಾಕಿದೆವು.

ಗದ್ದೆಯ ಬೆಳಕು ಕಾಣಿಸಿದ ಕೂಡಲೇ ನಿಂತು ಸೀಟಿ ಊದಿದೆ. ಒಂದು. ನನ್ನ ಪಕ್ಕದಲ್ಲೇ ಮೂಗು ಒರೆಸಿಕೊಳ್ಳುತ್ತ ಎರಡು. ಮೂರು. ನಾಲ್ಕು. ಆಮೇಲೆ ಯಾವತ್ತಿಗಿಂತ ಒಂದು ಉಸಿರು ತಡ. ಆಮೇಲೆ ಐದು. ತಕ್ಷಣ ಆರು, ಏಳು, ಎಂಟು, ಒಂಬತ್ತು.

"ಶಹಭಾಷ್! ಎಲ್ಲರೂ ಇದೀರಿ. ನಡೀರಿ" ಎಂದೆ. ತಿರುಗಿ ನೋಡಲಿಲ್ಲ.

ಟೆಂಪೋದಲ್ಲಿ ನಾನು ಅಳುವ ಹುಡುಗಿಯನ್ನು ಕರೆದುಕೊಂಡು ಡ್ರೈವರ್ ಪಕ್ಕ ಕೂತೆ. ಉಳಿದವರು ಹಿಂದೆ, ಹಗ್ಗದ ಮೂಟೆ, ಚಾಪೆಗಳ ನಡುವೆ. ಮೂಟೆಯ ಹಿಂದೆ ಮುದುರಿ ಕೂರುವುದು ಐದನೆಯವಳ ಅಭ್ಯಾಸ. ಮಾತಾಡದವಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂಬತ್ತನೆಯವಳು ದಾರಿಯುದ್ದಕ್ಕೂ ಹಾಡುತ್ತಿದ್ದಳು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಅಡುಗೆಯಕ್ಕ ಸೌಟು ಹಿಡಿದು ನಿಂತಳು. ತಟ್ಟೆ ಇಡುವ ಹಲಗೆಯ ಮೇಲೆ ಒಂದು ತಟ್ಟೆ ಬೋರಲಾಗಿ ಒಣಗಿಕೊಂಡಿತ್ತು.

"ಐದು ಎಲ್ಲೇ?" ಎಂದಳು.

ಬಚ್ಚಲಿನಲ್ಲಿರಬಹುದು ಎಂದರು. ಬಚ್ಚಲಿನಲ್ಲಿ ಇಲ್ಲ. ಮಲಗುವ ಕೋಣೆಯಲ್ಲಿ ಇಲ್ಲ. ಟೆಂಪೋ ಹತ್ತಿ ಮೂಟೆ ಎಳೆದು ನೋಡಿದೆ. ಇಲ್ಲ. ಊಟದ ಮನೆಗೆ ವಾಪಸ್ ಬಂದಾಗ ಎಂಟು ಜನ ಅನ್ನ ಮುಟ್ಟದೆ ಕೂತಿದ್ದರು.

"ಕಾನಿನಲ್ಲಿ ಐದು ಅಂದವರು ಯಾರು? ನಾನು ಬೈಯಲ್ಲ. ಹೇಳಿ."

ಒಬ್ಬೊಬ್ಬರನ್ನೇ ಕೇಳುತ್ತ ಬಂದೆ. ಇಲ್ಲ ಮಿಸ್. ನಾನಲ್ಲ ಮಿಸ್. ಬೇರೆಯವರು ಹೇಳ್ತಾರೆ ಅಂತ ಸುಮ್ನಿದ್ದೆ ಮಿಸ್. ಕೊನೆಗೆ ಒಂಬತ್ತನೆಯವಳು. ಅವಳ ಮುಖ ಬಿಳುಚಿಕೊಂಡಿತ್ತು.

"ನಾನು ಹೇಳೋಣ ಅಂತ ಬಾಯಿ ತೆಗ್ದೆ ಮಿಸ್. ಅಷ್ಟ್ರಲ್ಲಿ ಹೇಳಿಬಿಟ್ರು."

"ಯಾರು?"

"ಗೊತ್ತಿಲ್ಲ. ನನ್ನ ಹಿಂದ್ಗಡೆಯಿಂದ ಬಂತು."

"ನಿನ್ನ ಹಿಂದೆ ಯಾರಿದ್ರು?"

"ಯಾರೂ ಇರ್ಲಿಲ್ಲ ಮಿಸ್. ನಾನೇ ಕೊನೆ." ಅವಳು ಅಳಲು ಶುರು ಮಾಡಿದಳು. "ನಮ್ಮ ಯಾರ ದನೀನೂ ಅಲ್ಲ ಮಿಸ್ ಅದು. ಬೇರೆ ಥರ ಇತ್ತು."

ಟ್ರಸ್ಟಿನವರಿಗೆ, ಅರಣ್ಯ ಇಲಾಖೆಗೆ, ಪೊಲೀಸರಿಗೆ ಫೋನ್ ಮಾಡುವಂತೆ ಅಡುಗೆಯಕ್ಕನಿಗೆ ಹೇಳಿ, ಡ್ರೈವರನ್ನು ಎಳೆದುಕೊಂಡು ಹೊರಟೆ. ಗಂಟೆ ಎರಡಾಗಿತ್ತು. ಪಶ್ಚಿಮದಲ್ಲಿ ಗುಡುಗು ಕಟ್ಟುತ್ತಿತ್ತು. ಆ ಕಾನಿನಲ್ಲಿ ಚಿರತೆ ಇದೆ, ಕಾಡುಕೋಣ ಇದೆ. ಕತ್ತಲಾದರೆ ಕೂಗಿ ಕರೆಯಲೂ ಬಾರದ ಹುಡುಗಿಯನ್ನು ಹುಡುಕುವುದು ಹೇಗೆ? ಶಿವನೇ, ಅವಳನ್ನು ಉಳಿಸಿಕೊಡು, ನನಗೆ ಏನು ಬೇಕಾದರೂ ಆಗಲಿ ಎಂದುಕೊಂಡೆ. ನಾನು ಹಾಗೆಲ್ಲ ಹರಕೆ ಹೊರುವವಳಲ್ಲ.

ಅಜ್ಜ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ವಿಷಯ ಹೇಳಿದೆ. ಎಣಿಕೆ ಪೂರ್ತಿ ಬಂದದ್ದನ್ನು ಅವನೂ ಕೇಳಿದ್ದ. ಎಲೆ ಉಗುಳಿ ಎದ್ದು ನಿಂತ.

"ಕಾನು ಓಗೊಟ್ಟಿದೆ" ಎಂದ.

"ಅಜ್ಜಾರೇ, ಸಾಕು ಮಾಡಿ!" ಎಂದು ಕಿರುಚಿದೆ. "ನಿಮ್ಮ ಕಾನಿಗೆ ಎಣಿಕೆ ಬರುತ್ತಾ?"

"ಐದು ಬರ್ತದಲ್ಲ ಮಾರಾಯ್ರೆ. ವಾರ ವಾರ ನೀವೇ ಕಲಿಸಿದ್ದು."

ಜ್ವರದ ದಿನದ ಮಂಜು, ಮೈದಾನದಲ್ಲಿ ಯಾರೂ ಒಪ್ಪಿಕೊಳ್ಳದ ಆ ಐದು, ಎಲ್ಲ ಒಟ್ಟಿಗೆ ನೆನಪಾಯಿತು. ಓದಿದವಳು, ಇಂಥದ್ದನ್ನೆಲ್ಲ ಕ್ಲಾಸಿನಲ್ಲಿ ಗೇಲಿ ಮಾಡಿದವಳು ನಾನು. ಅವತ್ತು ಮಧ್ಯಾಹ್ನ ಎರಡೂವರೆಗೆ, ಕಣ್ಣು ಬಿಟ್ಟುಕೊಂಡೇ, ನಾನು ಅದನ್ನು ನಂಬಿದೆ.

ಅವಳನ್ನು ಕೊನೆಯದಾಗಿ ಎಲ್ಲರೂ ನೋಡಿದ್ದು ಹಾಳೂರಿನ ಕಲ್ಲುಗಳ ಹತ್ತಿರ. ಆದ್ದರಿಂದ ನೇರ ಅಲ್ಲಿಗೇ ಓಡಿದೆವು. ನಾನು ಓಡುತ್ತ ಓಡುತ್ತ ಸೀಟಿ ಊದುತ್ತಿದ್ದೆ. ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು. ಕಲ್ಲುಗಳ ನಡುವೆ ಅವಳು ಕೂತಿದ್ದ ಜಾಗದಲ್ಲಿ ಹುಲ್ಲು ಇನ್ನೂ ಒರಗಿಕೊಂಡಿತ್ತು. ವೀರಗಲ್ಲಿನ ಮೇಲೆ ಯಾರೋ ಹೊಸದಾಗಿ ಐದು ಸಣ್ಣ ಹರಳು ಸಾಲಾಗಿ ಇಟ್ಟಿದ್ದರು. ಅವಳೇ ಇಟ್ಟಿರಬೇಕು, ಬೇರೆ ಯಾರು ಇಡುತ್ತಾರೆ. ಆದರೂ ಅದನ್ನು ನೋಡಿ ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ.

ಅಲ್ಲಿ ಸುತ್ತಿದೆವು. ಹಾಳು ಬಾವಿಗಳಲ್ಲಿ ಕೋಲು ಹಾಕಿ ಕಲಕಿದೆವು. ಹಿಡಿದ ಕೋಲು ಎಲೆಗಳ ನಡುವೆ ಮೆತ್ತಗೆ ಇಳಿದಾಗಲೆಲ್ಲ ಬಗ್ಗಿ ಕೈ ಹಾಕಿ ತಡಕುತ್ತಿದ್ದೆ. ಒಂದು ಸಲ ಸೀಟಿ ಊದಿ, ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಒಬ್ಬಳೇ ಎಣಿಸಿದೆ. ಒಂದು. ಎರಡು. ಮೂರು. ನಾಲ್ಕು. ಆಮೇಲೆ ಸುಮ್ಮನೆ ನಿಂತೆ. ಐದು ಬಂದರೆ ಓಡಬೇಕೋ, ಬರದಿದ್ದರೆ ಅಳಬೇಕೋ ತಿಳಿಯಲಿಲ್ಲ. ಬರಲಿಲ್ಲ. ಮರಗಳ ಮೇಲೆ ಮಳೆ ಶುರುವಾಯಿತು. ಹನಿ ಇನ್ನೂ ನಮ್ಮವರೆಗೆ ಇಳಿದಿರಲಿಲ್ಲ, ಸದ್ದು ಮಾತ್ರ ಮೇಲೆ ಓಡಾಡುತ್ತಿತ್ತು.

ಒಂದೂವರೆ ಗಂಟೆ ಹುಡುಕಿ ಸೋತು ಅಂಚಿನ ಕಡೆಗೆ ತಿರುಗಿದೆವು. ಇಲಾಖೆಯವರು ಬಂದರೆ ದಾರಿ ತೋರಿಸಬೇಕಿತ್ತು. ಬೆಳಕು ಕಾಣಿಸುವ ಜಾಗಕ್ಕೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ನನಗೆ ತಡೆಯಲಾಗಲಿಲ್ಲ. ಅವಳ ಹೆಸರು ಹಿಡಿದು ಕೂಗಿದೆ. ಅಪ್ಪ ಅಮ್ಮ ಇಟ್ಟ ಹೆಸರು. ಎರಡು ತಿಂಗಳಿಗೂ ಮೇಲೆ ನಾನು ಒಮ್ಮೆಯೂ ಬಾಯಿಗೆ ತಾರದ ಹೆಸರು. ಅಜ್ಜ ಎರಡೂ ಕಿವಿ ಮುಚ್ಚಿಕೊಂಡು ಕೂತುಬಿಟ್ಟ. ಕೋಪಕ್ಕೋ ದುಃಖಕ್ಕೋ ನಾನು ಮತ್ತೆ ಮತ್ತೆ ಕೂಗಿದೆ, ಗಂಟಲು ಹರಿಯುವ ಹಾಗೆ.

ನಿಲ್ಲಿಸಿದಾಗ ಮರಕುಟಿಗ ಮತ್ತೆ ಕುಟ್ಟಿತು. ಟಕ್ ಟಕ್ ಟಕ್ ಟಕ್ ಟಕ್. ಆಮೇಲೆ ಬಿಡುವು. ಟಕ್ ಟಕ್ ಟಕ್ ಟಕ್ ಟಕ್. ಆಮೇಲೆ ಬಿಡುವು.

"ಅಜ್ಜಾರೇ," ಎಂದೆ, "ಮರಕುಟಿಗ ಎಣಿಸಿ ಕುಟ್ಟುತ್ತಾ?"

ಅವನು ಕೈ ತೆಗೆದು ಕೇಳಿಸಿಕೊಂಡ. ಎರಡನೆಯ ಸಲ ಕೇಳಿಸಿಕೊಂಡು, "ಅದು ಕಲ್ಲು!" ಎಂದು ಎದ್ದು ಓಡಿದ. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿಲ್ಲ.

ಕಾಲುದಾರಿಯಿಂದ ಎಂಟು ಹತ್ತು ಹೆಜ್ಜೆ ಒಳಗೆ, ಒಂದು ದೊಡ್ಡ ಮರದ ಬೇರಿನ ಆಚೆ, ನೆಲ ಬಾಯಿ ಬಿಟ್ಟಿತ್ತು. ಅದೂ ಒಂದು ಹಳೆಯ ಬಾವಿ, ಹೂಳು ತುಂಬಿ ಎದೆಮಟ್ಟ ಉಳಿದದ್ದು. ಅವಳು ಅದರೊಳಗೆ ನಿಂತಿದ್ದಳು. ಒಂದು ಕಾಲು ಕೆಳಗೆ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕೈಯಲ್ಲಿ ಒಂದು ಕಲ್ಲು, ಬೆರಳ ಗೆಣ್ಣುಗಳೆಲ್ಲ ರಕ್ತ. ಕೊರಳವರೆಗೆ ಇಂಬಳ, ಅದೇ ಕಾಡಿನ ಜಿಗಣೆ, ಹತ್ತಿದ್ದವು. ಅವುಗಳನ್ನು ಕಿತ್ತುಕೊಳ್ಳಲೆಂದೇ ಸಾಲಿನಿಂದ ಈಚೆ ಬಂದವಳು ಜಾರಿ ಬಿದ್ದಿದ್ದಳು ಎಂದು ಆಮೇಲೆ ಬರೆದು ತೋರಿಸಿದಳು.

ನಾನು ಒಳಗೆ ಇಳಿದು ಅವಳನ್ನು ತಬ್ಬಿಕೊಂಡೆ. ಅತ್ತೆ. ನಾಚಿಕೆ ಏನಿಲ್ಲ, ಗೊಳೋ ಎಂದು ಅತ್ತೆ. ಅಜ್ಜ ಮೇಲಿನಿಂದ ಟವೆಲ್ ಎಸೆದ. ಅವಳ ಮುಖ ಒರೆಸುತ್ತಿದ್ದಾಗ ಅವಳ ತುಟಿ ಅಲುಗಿತು. ದನಿಯಿಲ್ಲ, ಬರೀ ಉಸಿರು. ಕಿವಿಯನ್ನು ಬಾಯಿಯ ಹತ್ತಿರ ತಂದೆ.

"ನಾನ್ ಐದು ಅಂದೆ ಮಿಸ್."

ನನಗೆ ಅರ್ಥವಾಗಲಿಲ್ಲ.

"ನಾಲ್ಕಾದ್ ಮೇಲೆ ಯಾರೂ ಅನ್ಲಿಲ್ಲ. ಅದಕ್ಕೆ ನಾನೇ ಅಂದೆ. ಜೋರಾಗ್ ಅಂದೆ." ಅವಳು ಉಸಿರು ಎಳೆದುಕೊಂಡಳು. "ನೀವು ಶಹಭಾಷ್ ಅಂದ್ರಿ. ಎಲ್ಲರೂ ಇದೀರಿ ಅಂದ್ರಿ. ಆಮೇಲೆ ಹೋದ್ರಿ."

ಟೆಂಪೋ ಹೊರಟ ಸದ್ದೂ ಅವಳಿಗೆ ಕೇಳಿಸಿತ್ತು. ಆಮೇಲೆ ಅವಳು ಕೂಗಿಕೊಂಡೇ ಇದ್ದಳು, ಗಂಟಲು ಪೂರ್ತಿ ಕಟ್ಟಿಹೋಗುವವರೆಗೆ. ನಾವು ಸೀಟಿ ಊದುತ್ತ ಅವಳ ಪಕ್ಕದಲ್ಲೇ ಓಡಿಹೋದಾಗ ದನಿ ಉಳಿದಿರಲಿಲ್ಲ, ಅದಕ್ಕೇ ಕಲ್ಲು ಎತ್ತಿಕೊಂಡಿದ್ದಳು. ನಾನು ಸೀಟಿ ಊದಿ ಎಣಿಸಿದ ಜಾಗದಿಂದ ಆ ಬಾವಿಗೆ ಎಷ್ಟು ದೂರ ಎಂದು ಇನ್ನೊಂದು ದಿನ ಹೋಗಿ ಹೆಜ್ಜೆ ಹಾಕಿ ನೋಡಿದೆ. ತೊಂಬತ್ತು ಹೆಜ್ಜೆ. ತಿರುಗಿ ನಿಂತು ಹುಡುಗಿಯರ ಮುಖ ನೋಡಿದ್ದರೆ ಸಾಕಿತ್ತು.

ಹೆಸರಿದ್ದಿದ್ದರೆ ಒಬ್ಬಳ ಹೆಸರಿಗೆ ಇನ್ನೊಬ್ಬಳು ಓಗೊಡುತ್ತಿರಲಿಲ್ಲ. ಆದರೆ ತಪ್ಪನ್ನು ಅಜ್ಜನ ಶರತ್ತಿನ ತಲೆಗೆ ಕಟ್ಟಲಾರೆ. ಅವನು ಹೆಸರು ಕೂಗಬೇಡಿ ಎಂದನೇ ಹೊರತು, ಅವಳ ಬಾಯಿಯ ಮಾತನ್ನು ನೀವು ಆಡಿ ಎನ್ನಲಿಲ್ಲ. ಅದನ್ನು ಶುರು ಮಾಡಿದವಳು ನಾನು, ಎಣಿಕೆ ನಿಲ್ಲಬಾರದೆಂದು.

ಸೊರಬದ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿದರು. ಹಿಮ್ಮಡಿಯ ಮೂಳೆ ಬಿರುಕು ಬಿಟ್ಟಿತ್ತು. ಗಂಟಲು ನೋಡಿದ ಡಾಕ್ಟರು, ಹುಡುಗಿ ತುಂಬ ಕಿರುಚಿದ್ದಾಳೆ, ಒಂದು ವಾರ ಮಾತಾಡಿಸಬೇಡಿ ಎಂದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವಳಂತೂ ಆ ಬಾವಿಯಲ್ಲಿ ಪಿಸುಗುಟ್ಟಿದ್ದೇ ಕೊನೆ, ಮತ್ತೆ ಬಾಯಿ ತೆರೆಯಲಿಲ್ಲ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಅವಳ ತಾಯಿ ಬಂದರು. ಸೀರೆಯಿಂದ ಕುರಿಹಟ್ಟಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮಗಳ ತಲೆ ಸವರಿದರು, ಕಾಲು ಮುಟ್ಟಿ ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಅದ್ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಮಾತಾಡಿದ್ಲಾ ಮೇಡಂ? ಖರೇನಾ?"

"ಹೌದಮ್ಮ. ಕೂಗಿದಳು."

"ದನಿ ಹೆಂಗಿತ್ರೀ?" ಅವರ ಕಣ್ಣು ತುಂಬಿತ್ತು. "ಒಂದೂವರೆ ವರ್ಷ ಆತು ಕೇಳಿ. ಸಣ್ಣಾಕಿ ಇದ್ದಾಗಿಂದು ನೆನಪೈತಿ. ಈಗಿಂದು ಮರ್ತಂಗಾಗೈತ್ರಿ. ದಪ್ಪ ಆಗೈತೇನು? ಹೆಂಗಿತ್ತು, ಹೇಳ್ರೀ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ನಾಲ್ಕು, ಒಂದು ಉಸಿರು ತಡ, ಐದು. ಅದು ಬಂದದ್ದು ನೆನಪಿತ್ತು. ಹೇಗಿತ್ತು ಎಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಸಣ್ಣದೋ, ದಪ್ಪವೋ, ನಡುಗುತ್ತಿತ್ತೋ, ಏನೂ ಇಲ್ಲ. ಆ ತಾಯಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.

"ಚೆನ್ನಾಗಿತ್ತಮ್ಮ" ಎಂದೆ.

ಮಂಚದ ಮೇಲೆ ಒರಗಿದ್ದ ಹುಡುಗಿ ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು.